ಕುಲಾವಿಯ ಅಳತೆ

ಹೋದ ವಾರ ಹೊಸೂರಿನಲ್ಲಿ ಬಿಡದೆ ಸೋನೆ ಹಿಡಿದಿತ್ತು. ಒಗೆದ ಸ್ವೆಟರು ಹೊರಗೆ ಒಣಗಲಿಲ್ಲ. ಅಡುಗೆಮನೆಯಲ್ಲೇ ಹಗ್ಗ ಕಟ್ಟಿ, ಒಲೆಯ ಬಿಸಿ ತಾಗುವ ಹಾಗೆ ಹರವಿದ್ದೆ. ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕಿ ಈ ಕಡೆ ತಿರುಗಿದೆ, ಆ ವಾಸನೆ ಬಂತು. ಹಸಿ ಉಲ್ಲನ್ನಿನ ವಾಸನೆ. ಮಳೆಯಲ್ಲಿ ನೆಂದ ಕುರಿಮಂದೆ ಪಕ್ಕದಲ್ಲೇ ಹಾದುಹೋದ ಹಾಗೆ... ಜೊತೆಗೆ ಸ್ವಲ್ಪ ಸೋಪು, ಸ್ವಲ್ಪ ಹೊಗೆ. ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಮಿಲಿಟರಿ ಅಕ್ಕನ ಮನೆಯ ನಡುಕೋಣೆ ಇದೇ ವಾಸನೆಯದ್ದಾಗಿತ್ತು. ಅವರನ್ನು ನಾನು ಮರೆತಿದ್ದೆ ಎಂದಲ್ಲ. ಆದರೆ ಆ ವರ್ಷಗಳನ್ನು ನೆನೆಯಬೇಕಾದರೆ ಮತ್ತೆ ಅಷ್ಟೇ ದಣಿಯಬೇಕು. ಅದಕ್ಕೇ ಆ ಕಡೆ ಹೋಗದೆ ಇದ್ದುಬಿಟ್ಟಿದ್ದೆ.

ನಾವು ಹೊಸೂರಿನ ಪಕ್ಕದ ಮತ್ತಿಗಿರಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಹೊಸೂರಿನ ಸುತ್ತ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ನಮ್ಮ ಯಜಮಾನರಿಗೆ ಅಲ್ಲೊಂದರಲ್ಲಿ ಫಿಟ್ಟರ್ ಕೆಲಸ ಸಿಕ್ಕಿತ್ತು. ನಾನು ಚನ್ನಪಟ್ಟಣದ ಕಡೆಯ ಹಳ್ಳಿಯವಳು. ಇಲ್ಲಿನ ತಮಿಳು ಬೋರ್ಡುಗಳನ್ನು ಓದಲು ಬರುತ್ತಿರಲಿಲ್ಲ. ಅಂಗಡಿಯವನು ತಮಿಳಿನಲ್ಲಿ ಕೇಳುತ್ತಿದ್ದ, ನನ್ನ ಮುಂದಿದ್ದವಳು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು, ಚೌಕಾಸಿಗೆ ಬಂದಾಗ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು. ಅದನ್ನು ನೋಡಿ ನಗು ಬರುತ್ತಿತ್ತು, ಒಂಟಿತನವೂ ಆಗುತ್ತಿತ್ತು. ಎಲ್ಲಕ್ಕಿಂತ ನನ್ನನ್ನು ಸೋಲಿಸಿದ್ದು ಚಳಿ. ಕಾರ್ತಿಕ ಕಳೆದರೆ ಸಾಕು, ಬೆಳಗಿನ ಹೊತ್ತು ಬೀದಿ ಮಂಜಿನಲ್ಲಿ ಮುಳುಗಿ, ಎದುರುಮನೆಯ ಬಾಗಿಲು ಸಹ ಕಾಣುತ್ತಿರಲಿಲ್ಲ.

ನಮ್ಮದು ಸಾಲುಮನೆ. ಪಕ್ಕದ ಮನೆಗೂ ನಮಗೂ ಗೋಡೆ ಒಂದೇ. ಆ ಮನೆಯಲ್ಲಿ ಮಿಲಿಟರಿ ಅಕ್ಕ, ಅವರ ಗಂಡ, ಇಬ್ಬರೇ. ಗಂಡ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದವರು. ನಿವೃತ್ತಿಯಾಗಿ ಊರಿಗೆ ಬಂದ ಸ್ವಲ್ಪ ಕಾಲಕ್ಕೇ ಪಾರ್ಶ್ವವಾಯು ಹೊಡೆದು, ಬಲಭಾಗ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಅಕ್ಕನಿಗೆ ಆಗ ಐವತ್ತರ ಮೇಲಿರಬೇಕು. ಮಕ್ಕಳಿರಲಿಲ್ಲ. ಗಂಡನ ಜೊತೆ ವರ್ಷಗಟ್ಟಲೆ ಉತ್ತರದ ಕಡೆಯ ದಂಡಿನ ಊರುಗಳಲ್ಲಿ ಇದ್ದು ಬಂದಿದ್ದರು. ಅಲ್ಲಿ ಬೆಟ್ಟದ ಸೀಮೆಯ ಒಬ್ಬ ಹೆಂಗಸು ಅವರಿಗೆ ಉಲ್ಲನ್ ಹೆಣೆಯುವುದನ್ನು ಕಲಿಸಿಕೊಟ್ಟಿದ್ದಳಂತೆ. ಗಂಡನ ಮಂಚದ ಪಕ್ಕ ಒಂದು ಸ್ಟೂಲು ಹಾಕಿಕೊಂಡು, ಎರಡು ಕಡ್ಡಿ ಹಿಡಿದು ಸದಾ ಹೆಣೆಯುತ್ತಿದ್ದರು. ನಡುವೆ ಎದ್ದು ಗಂಡನನ್ನು ಮಗ್ಗುಲು ಬದಲಿಸಿ, ಬಾಯಿ ಒರೆಸಿ, ಮತ್ತೆ ಬಂದು ಕೂತರೆ ಕೈ ತಾನಾಗಿ ನಿಂತ ಜಾಗದಿಂದ ಮುಂದುವರಿಯುತ್ತಿತ್ತು.

ಆ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅಕ್ಕನ ಕೈಯ ಕುಲಾವಿ ಅದರ ತಲೆಗೆ ಹೋಗಲೇಬೇಕು. ಅವರು ಅದನ್ನು ಕುಲ್ಲಾಯಿ ಎನ್ನುತ್ತಿದ್ದರು. ಮೊದಲ ಬಾರಿ ಅವರು ಅಳತೆ ತೆಗೆಯುವುದನ್ನು ನೋಡಿದ್ದು ನಮ್ಮ ಬೀದಿಯ ಮೂಲೆಮನೆಯ ಕೂಸಿಗೆ. ಹುಬ್ಬಿನ ಮೇಲೆ, ಕಿವಿಯ ಮೇಲೆ, ಹಿಂದಲೆಯ ಉಬ್ಬಿನ ಮೇಲೆ ಹಾಯುವ ಹಾಗೆ ಟೇಪು ಸುತ್ತಿದರು. ಆಮೇಲೆ ಕಿವಿಯ ತುದಿಯಿಂದ ನೆತ್ತಿಯವರೆಗೆ ತಮ್ಮ ಅಂಗೈ ಇಟ್ಟು ನೋಡಿದರು. ಅಷ್ಟೇ. ಟೇಪು ತೋರಿಸಿದ ಅಳತೆಗಿಂತ ಟೋಪಿ ಚಿಕ್ಕದಾಗಿ ಬಂದದ್ದನ್ನು ಕಂಡು ನಾನು ಕೇಳಿದ್ದೆ.

"ಒಂದ್ ಬೆರಳಷ್ಟು ಚಿಕ್ಕದೇ ಇರ್ಬೇಕು ಕಣಮ್ಮ," ಎಂದರು. "ಉಲ್ಲನ್ ಹಿಗ್ಗುತ್ತೆ, ತಲೆ ಕುಗ್ಗಲ್ಲ. ಸರಿಯಾಗಿ ಅಳತೆಗೇ ಹಾಕ್ಬುಟ್ರೆ ನಾಕ್ ದಿನಕ್ಕೆ ಸಡ್ಲಾಗಿ ಕಣ್ಮೇಲೆ ಬಿದ್ಬುಡುತ್ತೆ."

ನನ್ನ ಮಗಳು ಹುಟ್ಟಿದ್ದು ದೀಪಾವಳಿಯ ಹಿಂದುಮುಂದಿನಲ್ಲಿ. ತೊಟ್ಟಿಲಿಗೆ ಹಾಕುವ ದಿನ ಅಕ್ಕ ಕೆನೆಬಣ್ಣದ ಕುಲಾವಿ ತಂದರು. ಅಂಚಿನಲ್ಲಿ ಹಳದಿಯ ಸಾಲು. ಮಗುವಿನ ತಲೆಗೆ ಅದು ಹಣ್ಣಿಗೆ ಸಿಪ್ಪೆ ಕೂತ ಹಾಗೆ ಕೂತಿತು. ಚಳಿಗಾಲ ದಾಟುವವರೆಗೂ ಯೋಚನೆ ಇಲ್ಲ, ತಲೆ ಬೆಳೆದ ಹಾಗೆ ಉಲ್ಲನ್ನೂ ಹಿಗ್ಗುತ್ತದೆ ಎಂದರು.

ಸಂಕ್ರಾಂತಿಯ ಹೊತ್ತಿಗೆ ಕುಲಾವಿ ತೆಗೆದಾಗ ಮಗುವಿನ ಹಣೆಯ ಮೇಲೆ ಕೆಂಪು ಗೆರೆ ಕಾಣಿಸಿತು. ಅಕ್ಕನಿಗೆ ತೋರಿಸಿದೆ. ಟೋಪಿಯನ್ನು ಬೆಳಕಿಗೆ ಹಿಡಿದು, ಎಳೆದು, ಬಿಟ್ಟು ನೋಡಿದರು. "ನನ್ ಕೈಯೇ ಬಿಗಿಯಾಗಿರ್ಬೌದು," ಎಂದು ಬಿಚ್ಚಿ, ಅದೇ ದಾರಕ್ಕೆ ಇನ್ನಷ್ಟು ಸೇರಿಸಿ, ದೊಡ್ಡದಾಗಿ ಹೆಣೆದು ತಂದರು. ಶಿವರಾತ್ರಿಗೆ ಮೊದಲೇ ಅದೂ ಹಿಡಿಯಲಾರಂಭಿಸಿತು.

ಆ ದಿನ ಅವರು ನಮ್ಮ ಮನೆಯ ಹೊಸ್ತಿಲ ಒಳಗೆ, ಕುಲಾವಿಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದರು. ನಮ್ಮ ಅತ್ತೆ ಊರಿನಿಂದ ಬಾಣಂತನಕ್ಕೆ ಬಂದವರು ಇನ್ನೂ ಇದ್ದರು. "ದೊಡ್ಡ ತಲೆ ಇದ್ದೋರು ದೊಡ್ಡ ಮನುಷ್ಯರಾಗ್ತಾರೆ ಕಣವ್ವ," ಎಂದು ಅಡುಗೆಮನೆಯಿಂದಲೇ ಹೇಳಿದರು. ಅಕ್ಕ ಮಗುವಿನ ನೆತ್ತಿಯಲ್ಲಿ ಮೆತ್ತಗಿರಬೇಕಾದ ಜಾಗದ ಮೇಲೆ ಬೆರಳಿಟ್ಟು, ತಕ್ಷಣ ತೆಗೆದರು. ಆ ಜಾಗ ಮೆತ್ತಗಿರಲಿಲ್ಲ ಎಂಬುದು ನನಗೂ ಗೊತ್ತಿತ್ತು. ಮಗು ಕೆಲವು ದಿನಗಳಿಂದ ಕುಡಿದ ಹಾಲನ್ನೆಲ್ಲ ಕಕ್ಕುತ್ತಿತ್ತು. ಕಣ್ಣುಗುಡ್ಡೆಗಳು ಕೆಳಕ್ಕೆ ಜಾರಿದ ಹಾಗೆ ಕಾಣುತ್ತಿದ್ದವು. ಯಾರಿಗೂ ಹೇಳದೆ, ನನಗೇ ಹೇಳಿಕೊಳ್ಳದೆ ಇಟ್ಟುಕೊಂಡಿದ್ದ ಭಯ ಅದು.

"ಒಂದ್ಸಲ ಡಾಕ್ಟ್ರಿಗೆ ತೋರ್ಸ್ಕೊಂಡ್ ಬರಾಣ ನಡಿಯಮ್ಮ," ಎಂದರು ಅಕ್ಕ. "ಏನೂ ಇಲ್ದಿದ್ರೆ ಒಳ್ಳೇದೇ ಆಯ್ತು. ನಾನೂ ಬತ್ತೀನಿ."

ಹೊಸೂರಿನ ಡಾಕ್ಟರು ಮಗುವಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಸಾವಕಾಶವಾಗಿ, ಮೆಲ್ಲನೆ, ತಲೆಯೊಳಗೆ ನೀರು ತುಂಬುತ್ತಿದೆ, ಹೊರಗೆ ಹರಿಯುವ ದಾರಿ ಕಟ್ಟಿದೆ ಎಂದು ಹೇಳಿದರು. ಅವತ್ತೇ ಬೆಂಗಳೂರಿಗೆ ಹೊರಡಬೇಕು ಎಂದರು. ಅವರು ಇನ್ನೂ ಏನೇನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಅಕ್ಕ ನನ್ನ ಬೆನ್ನ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಬಸ್ಸಿನಲ್ಲಿ ಮನೆಗೆ ಬರುವಾಗ ಅದನ್ನೇ ಸ್ವಲ್ಪಸ್ವಲ್ಪವಾಗಿ, ನನಗೆ ಅರಗುವಷ್ಟು ಮಾತ್ರ ಹೇಳಿದರು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತಲೆಯಿಂದ ಕಿವಿಯ ಹಿಂದೆ, ಕುತ್ತಿಗೆಯ ಚರ್ಮದ ಕೆಳಗೆ ಹಾದು ಹೊಟ್ಟೆಯವರೆಗೆ ಒಂದು ಸಣ್ಣ ಕೊಳವೆ. ನೀರು ಅದರಲ್ಲಿ ಇಳಿದುಹೋಗಬೇಕು. ಕೊಳವೆ ಕಟ್ಟಿಕೊಳ್ಳದಿದ್ದರೆ ಮಗು ಬದುಕುತ್ತದೆ, ಹೇಗೆ ಬೆಳೆಯುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ ಎಂದರು. ಬೋಳಿಸಿದ ತಲೆ, ಬಲಗಿವಿಯ ಹಿಂದೆ ಹೊಲಿಗೆ, ಅದರ ಪಕ್ಕದಲ್ಲಿ, ಚರ್ಮದ ಕೆಳಗೆ ಕೊಳವೆ ಉಬ್ಬಿದ ಕಡೆ, ಹುಣಿಸೆಬೀಜದಷ್ಟು ಗುಬುಟು. ಆ ತಲೆಯನ್ನು ಎತ್ತುವ ಶಕ್ತಿ ಕುತ್ತಿಗೆಗೆ ಇರಲಿಲ್ಲ. ಮಗುವನ್ನು ಹಾಗೇ ಎತ್ತಿಕೊಂಡು ನಾವು ಮತ್ತಿಗಿರಿಗೆ ಬಂದೆವು. ಅತ್ತೆ ಒಂದು ವಾರ ಇದ್ದು, ಸುಮ್ಮನೆ ಅತ್ತು, ಊರಿಗೆ ಹೋದರು. ಯಜಮಾನರು ಶಿಫ್ಟು ಮುಗಿಸಿ ಬಂದು ಮಗುವಿನ ಪಕ್ಕ ಕೂರುತ್ತಿದ್ದರು. ಬೀದಿಯ ಹೆಂಗಸರು ಬಂದು ನೋಡಿದರು. ಒಮ್ಮೆ ಬಂದವರು ಎರಡನೆಯ ಸಲ ಬರಲಿಲ್ಲ. ಅವರದೇನೂ ತಪ್ಪಿಲ್ಲ. ಬಂದು ಏನು ಮಾತಾಡಬೇಕು...

ಆಸ್ಪತ್ರೆಗೆ ತೋರಿಸಲು ಹೋದಾಗಲೆಲ್ಲ ಎಲ್ಲಕ್ಕಿಂತ ಮೊದಲು ಬರುತ್ತಿದ್ದುದು ಟೇಪು. ಒಬ್ಬರು ಮಗುವಿನ ತಲೆ ಸುತ್ತಿ ಅಳೆದು ಅಂಕಿಯನ್ನು ಜೋರಾಗಿ ಹೇಳುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಅದು ಹೋದ ಸಲಕ್ಕಿಂತ ಹೆಚ್ಚೋ ಅಷ್ಟೆಯೋ ಎಂದು ಬರೆಯುವವರ ಕೈಯ ಕಡೆಗೆ ಇಣುಕುತ್ತಿದ್ದೆ. ಆ ಅಂಕಿ ಮನೆಗೆ ಬಂದ ಮೇಲೂ ಪಾತ್ರೆ ತಿಕ್ಕುವಾಗ, ಅಕ್ಕಿ ಆರಿಸುವಾಗ ಕಿವಿಯಲ್ಲಿ ಕೂಗುತ್ತಿತ್ತು.

ಹೊಲಿಗೆ ಒಣಗಿದ ಮೇಲೆ ತಲೆಗೆ ಗಾಳಿ ತಾಗಬಾರದು ಎಂದಿದ್ದರು. ಹಳೆಯ ಪಂಚೆಯ ತುಂಡು ಸುತ್ತುತ್ತಿದ್ದೆ, ಅದು ಜಾರುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಹೊಸ ಕುಲಾವಿಗೆ ಅಳತೆ ತೆಗೆಯಲು ಬಂದರು. ಅವರ ಕೊರಳಿನಲ್ಲಿ ಟೇಪು ನೇತಾಡುತ್ತಿತ್ತು. ಅದನ್ನು ಕಂಡದ್ದೇ ನಾನು ಮಗುವನ್ನು ಎತ್ತಿ ಎದೆಗವಚಿಕೊಂಡೆ. ಅಳುತ್ತಿರಲಿಲ್ಲ, ಆದರೆ ಕೊಡಲೂ ಇಲ್ಲ. ಅಕ್ಕ ನನ್ನ ಮುಖ ನೋಡಿದರು, ಟೇಪನ್ನು ನೋಡಿಕೊಂಡರು. ಏನೂ ಕೇಳದೆ ಎದ್ದು ಮನೆಗೆ ಹೋಗಿ, ಟೇಪು ಬಿಟ್ಟು, ಕೆಂಪು ಉಲ್ಲನ್ನಿನ ಒಂದೆಳೆ ಹಿಡಿದುಕೊಂಡು ಬಂದರು.

"ಏನಿಲ್ಲ ಕಣಮ್ಮ, ಬರೀ ದಾರ," ಎಂದರು. "ನಂಗೆ ಅಂಕಿ ಗಿಂಕಿ ಎಲ್ಲಿ ಬತ್ತದೆ. ಇದ್ರಲ್ಲಿ ಒಂದ್ ಗಂಟ್ ಹಾಕ್ಕೊಂಡು ಹೋಗ್ತೀನಿ."

ಹೆಣಿಗೆಯ ನೂರಾರು ಕುಣಿಕೆಗಳನ್ನು ಒಂದೂ ತಪ್ಪದೆ ಎಣಿಸುವವರು ಅವರು. ಅವರಿಗೆ ಅಂಕಿ ಬರುವುದಿಲ್ಲ ಎನ್ನುವುದನ್ನು ನಾನು ನಂಬಲಿಲ್ಲ, ಅವರೂ ನಂಬಿಸಲು ಹೋಗಲಿಲ್ಲ. ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿದೆ. ದಾರ ಸುತ್ತಿ, ಎಳೆಯದೆ, ಬರೀ ಮುಟ್ಟಿಸಿ, ತುದಿ ಕೂಡಿದಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಗುಬುಟು ಇದ್ದ ಜಾಗದ ಸುತ್ತ ಬೆರಳಾಡಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದರು.

ಆ ಕುಲಾವಿ ಸುಲಭವಾಗಿ ಆಗಲಿಲ್ಲ. ಅಕ್ಕನಿಗೆ ಗೊತ್ತಿದ್ದ ಯಾವ ಲೆಕ್ಕವೂ ಆ ತಲೆಗೆ ಕೂರುತ್ತಿರಲಿಲ್ಲ. ಸುತ್ತಳತೆ ಶಾಲೆಗೆ ಹೋಗುವ ಮಗುವಿನದು, ಮುಖ ಮಾತ್ರ ಕೈಕೂಸಿನದು. ಸುತ್ತಳತೆಗೆ ತಕ್ಕಷ್ಟು ಆಳ ಕೊಟ್ಟರೆ ಟೋಪಿ ಮೂಗಿನವರೆಗೆ ಇಳಿಯುತ್ತಿತ್ತು. ಮುಖಕ್ಕೆ ತಕ್ಕಷ್ಟು ಆಳ ಕೊಟ್ಟರೆ ನೆತ್ತಿಯ ಮೇಲೆ ನಿಲ್ಲದೆ ಪುಟಕ್ಕನೆ ಮೇಲೇಳುತ್ತಿತ್ತು. ಬಿಗಿ ಮಾಡೋಣವೆಂದರೆ ಕೊಳವೆಯ ಮೇಲೆ ಒತ್ತುತ್ತದೆ. ಸಡಿಲ ಬಿಟ್ಟರೆ ಮಗು ಮಗ್ಗುಲಾದಾಗ ಸುರುಳಿಯಾಗಿ ಕಣ್ಣು ಮುಚ್ಚುತ್ತದೆ. ಅವರ ಹಳೆಯ ಒಂದು ಬೆರಳಿನ ಲೆಕ್ಕ ಇಲ್ಲಿ ನಡೆಯಲಿಲ್ಲ. ಹೆಣೆಯುವುದು, ತಂದು ಹಾಕಿ ನೋಡುವುದು, ಬಿಚ್ಚುವುದು. ಬಿಚ್ಚಿದ ದಾರ ಗುಂಗುರಾಗಿ ಹೆಣಿಗೆಗೆ ಒಗ್ಗದು. ಅದನ್ನು ನೀರಿನಲ್ಲಿ ನೆನೆಸಿ, ನೇರವಾಗಲೆಂದು ಕಿಟಕಿಯ ಸರಳಿಗೆ ಭಾರ ಕಟ್ಟಿ ಇಳಿಬಿಡುತ್ತಿದ್ದರು. ಆ ತಿಂಗಳೆಲ್ಲ ಅವರ ನಡುಕೋಣೆಯಲ್ಲಿ ಹಸಿ ಉಲ್ಲನ್ನಿನ ವಾಸನೆ.

ಒಂದು ದಿನ ಮೊಸರು ಕೇಳಲು ಹೋದಾಗ, ಅವರ ಕಪಾಟಿನ ಮೇಲೆ ಟವಲು ಮುಚ್ಚಿದ ಏನೋ ಇತ್ತು. ನಾನು ಒಳಗೆ ಬಂದದ್ದನ್ನು ನೋಡಿ ಅವರು ಟವಲನ್ನು ಇನ್ನಷ್ಟು ಕೆಳಕ್ಕೆ ಎಳೆದರು. ಆದರೂ ಅಂಚು ಕಂಡಿತು. ಹಾಲು ಕಾಯಿಸುವ ಪಾತ್ರೆ. ಬೋರಲು ಹಾಕಿ, ಅದರ ಮೇಲೆ ಅರ್ಧ ಹೆಣೆದ ಕುಲಾವಿ ತೊಡಿಸಿದ್ದರು. ಮಗುವನ್ನು ಪದೇಪದೇ ಎಬ್ಬಿಸಬಾರದೆಂದು, ದಾರದ ಗಂಟಿಗೆ ಸರಿಹೊಂದುವ ಪಾತ್ರೆಯನ್ನು ಹುಡುಕಿಟ್ಟುಕೊಂಡಿದ್ದರು. ಪಾತ್ರೆ ಎಷ್ಟು ದೊಡ್ಡದು ಎಂದು ನಾನು ನೋಡಬಾರದೆಂದು ಟವಲು. ನಾನು ನೋಡದವಳ ಹಾಗೆ ಮೊಸರು ಇಸಿದುಕೊಂಡು ಬಂದೆ.

ಕೊನೆಗೆ ಅವರು ಕಂಡುಕೊಂಡ ದಾರಿ ಇದು. ಕುಲಾವಿಯನ್ನು ಸುತ್ತ ಮುಚ್ಚದೆ, ಬಲಗಿವಿಯ ಹಿಂದೆ ಸೀಳು ಬಿಟ್ಟು, ಅಲ್ಲಿ ಮೆತ್ತನೆಯ ಲಾಡಿ ಇಟ್ಟರು. ಎಷ್ಟು ಬೇಕೋ ಅಷ್ಟು ಕಟ್ಟಬಹುದು, ತಲೆ ಬೆಳೆದರೆ ಸಡಿಲಿಸಬಹುದು, ಗುಬುಟಿನ ಮೇಲೆ ಏನೂ ಒತ್ತುವುದಿಲ್ಲ. ನೆತ್ತಿಯಲ್ಲಿ ಕುಣಿಕೆಗಳ ಸಂಖ್ಯೆಯನ್ನು ಬೇಗ ಇಳಿಸದೆ, ಅಗಲವಾಗಿ, ಸಾವಕಾಶವಾಗಿ ಇಳಿಸಿದ್ದರು. ಬಣ್ಣ ಮಾತ್ರ ನಾನು ಎಣಿಸಿರದದ್ದು. ಕಣ್ಣು ಕುಕ್ಕುವ ಗಿಳಿಹಸಿರು, ಹಣೆಯ ಮೇಲೆ ಕಿತ್ತಳೆ ಬಣ್ಣದ ದೊಡ್ಡ ಹೂವು.

"ಇಷ್ಟ್ ಜೋರಾಗಿರೋದು ಯಾಕಕ್ಕ?" ಎಂದೆ. ಎಲ್ಲರ ಕಣ್ಣಿನಿಂದ ಮಗುವನ್ನು ಬಚ್ಚಿಟ್ಟುಕೊಂಡು ತಿರುಗುತ್ತಿದ್ದವಳು ನಾನು.

"ಜನ ನೋಡೇ ನೋಡ್ತಾರೆ, ತಪ್ಪಿಸಾಕಾಗಲ್ಲ," ಎಂದರು. "ನೋಡೋದೇ ಆದ್ರೆ ಕುಲ್ಲಾಯಿ ನೋಡ್ಲಿ."

ಮುಂದಿನ ಸಲ ಬೆಂಗಳೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮಗುವಿನ ಕಡೆ ತಿರುಗಿದಳು. ಇನ್ನೇನು ಕೇಳುತ್ತಾಳೆ, ಮಗುವಿಗೆ ಏನಾಗಿದೆ, ಯಾಕೆ ಹೀಗೆ, ಹುಟ್ಟುವಾಗಲೇ ಹೀಗಿತ್ತಾ... ನಾನು ಹಲ್ಲು ಕಚ್ಚಿ ಕಾದೆ. ಅವಳು ತಮಿಳಿನಲ್ಲಿ ಕೇಳಿದ್ದು ಬೇರೆ. ಈ ಹೂವನ್ನು ಹೆಣೆದವರು ಯಾರು, ನನ್ನ ತಂಗಿಯ ಮಗುವಿಗೂ ಇಂಥದ್ದು ಬೇಕಿತ್ತು ಎಂದಳು. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನನ್ನು ಎಲ್ಲ ತಾಯಂದಿರ ಹಾಗೆ ಮಾತಾಡಿಸಿದ್ದರು. ನನಗೆ ಬಂದ ಹರಕುಮುರುಕು ತಮಿಳಿನಲ್ಲಿ, ದಾರಿಯುದ್ದಕ್ಕೂ, ಅವಳಿಗೆ ಅಕ್ಕನ ವಿಷಯ ಹೇಳಿದೆ.

ಆ ವರ್ಷದ ಮಧ್ಯಾಹ್ನಗಳು ನೆನಪಿವೆ. ಮಗು ಮಲಗಿದ ಮೇಲೆ ನಾನು ನಮ್ಮ ಮೆಟ್ಟಿಲಲ್ಲಿ, ಅವರು ಅವರ ಮೆಟ್ಟಿಲಲ್ಲಿ. ಇಬ್ಬರಿಗೂ ಎದ್ದು ಒಳಗೆ ಹೋಗುವ ತ್ರಾಣ ಇರುತ್ತಿರಲಿಲ್ಲ. ನಾನು ಮಗುವಿನ ತಲೆಯನ್ನು ಹೊತ್ತುಹೊತ್ತಿಗೆ ಆ ಕಡೆ ಈ ಕಡೆ ತಿರುಗಿಸಬೇಕು, ಇಲ್ಲದಿದ್ದರೆ ಒಂದೇ ಕಡೆ ಹುಣ್ಣಾಗುತ್ತದೆ. ಅವರು ಗಂಡನನ್ನು ಹಾಗೆಯೇ ತಿರುಗಿಸಬೇಕು. ಒಮ್ಮೆ ಗಂಡನ ಹಾಸಿಗೆಬಟ್ಟೆ ಒಗೆದು ಹಾಕಿ ಬಂದು ಕೂತವರು, ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು. ಅವರು ಕೈ ಬರಿದಾಗಿ ಕೂತದ್ದನ್ನು ನಾನು ನೋಡಿದ್ದು ಅಪರೂಪ.

"ಬೇಜಾರಾಗೋಗೈತೆ ಕಣಮ್ಮ," ಎಂದರು. ಬೀದಿಯ ಕಡೆ ನೋಡುತ್ತಲೇ ಹೇಳಿದರು. "ಒಂದೊಂದ್ ದಿನ ಅನ್ಸುತ್ತೆ, ಇವ್ರು ಹೋಗ್ಬುಟ್ರೆ ಸಾಕು ಅಂತ. ಅನ್ಸುತ್ತೆ. ಆಮೇಲೆ ಎದ್ದು ಗಂಜಿ ಕಾಯಿಸ್ತೀನಿ."

ಕೆಳಗಿಟ್ಟ ಕಡ್ಡಿಯನ್ನು ಮತ್ತೆ ಎತ್ತಿಕೊಂಡು, "ಅನ್ಸೋದೇನೂ ಪಾಪ ಅಲ್ಲ. ಗಂಜಿ ಕಾಯಿಸ್ದೆ ಇದ್ರೆ ಪಾಪ," ಎಂದರು.

ಅವರು ನನ್ನ ಕಡೆ ತಿರುಗಲಿಲ್ಲ. ನನ್ನ ಎದೆಯಲ್ಲಿ ಎಷ್ಟೋ ದಿನದಿಂದ ಕಲ್ಲಿನ ಹಾಗೆ ಕೂತಿದ್ದ ಅಂಥದೇ ಒಂದು ಯೋಚನೆ ಅವರಿಗೆ ಗೊತ್ತಿತ್ತೋ, ಅಥವಾ ಅವರು ತಮ್ಮದನ್ನು ಮಾತ್ರ ಹೇಳಿಕೊಂಡರೋ... ಇವತ್ತಿಗೂ ತಿಳಿಯದು. ಒಳಗೆ ಮಗು ಮುಲುಗಿತು. ಎದ್ದು ಹೋಗಿ ಎತ್ತಿಕೊಂಡೆ. ಆ ಸಲ ಎತ್ತುವಾಗ ಭಾರ ಅಷ್ಟು ಆಗಲಿಲ್ಲ.

ಮುಂದಿನ ಚಳಿಗಾಲದಲ್ಲಿ ಕೊಳವೆ ಕಟ್ಟಿಕೊಂಡಿತು. ಮತ್ತೆ ವಾಂತಿ, ಮತ್ತೆ ಆ ಜಾರಿದ ಕಣ್ಣು, ಎಬ್ಬಿಸಿದರೂ ಏಳದ ಮಂಪರು. ಯಜಮಾನರ ಜೊತೆಯವರೊಬ್ಬರು ಕಾರು ಹೊಂದಿಸಿದರು. ಎರಡನೆಯ ಆಪರೇಷನ್ ಆದ ಮೇಲೆ ಮಗು ದಿನಗಟ್ಟಲೆ ಕಣ್ಣು ಬಿಡಲಿಲ್ಲ. ಯಜಮಾನರು ಕೆಲಸಕ್ಕೆ ಹೋಗಿ ಬಂದು ಮಾಡುತ್ತಿದ್ದರು. ವಾರ್ಡಿನಲ್ಲಿ ನಾನೊಬ್ಬಳೇ. ಊಟಕ್ಕೆ ಹೋದರೆ ಅಷ್ಟರಲ್ಲಿ ಏನಾದರೂ ಆದರೆ ಎಂದು ಹಾಸಿಗೆಯ ಪಕ್ಕದಿಂದ ಅಲ್ಲಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಅಕ್ಕ ನಿಂತಿದ್ದರು. ನಾನು ಮೊದಲು ಗುರುತೇ ಹಿಡಿಯಲಿಲ್ಲ. ಮತ್ತಿಗಿರಿ, ಹೊಸೂರು ಬಿಟ್ಟು ಬೇರೆಲ್ಲೂ ಅವರನ್ನು ನೋಡಿರಲಿಲ್ಲ. ಗಂಡನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಅವರು ಹೊಸೂರು ದಾಟಿದ್ದು ಅದೇ ಮೊದಲಂತೆ. ಎದುರುಮನೆಯವರ ಕಾಲು ಹಿಡಿಯುವಷ್ಟು ಕೇಳಿಕೊಂಡು, ಒಂದು ಹಗಲು ಗಂಡನನ್ನು ಅವರಿಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಬಂದಿದ್ದರು. ಒಬ್ಬರಿಗೆ ಮಾತ್ರ ಒಳಗೆ ಇರಲು ಬಿಡುತ್ತಿದ್ದರು. "ನೀನ್ ಹೋಗಿ ಉಂಡು, ಮುಖ ತೊಳ್ಕೊಂಡು, ಎಲ್ಲಾದ್ರೂ ನೆಳ್ಳಲ್ಲಿ ಒರಗು. ನಾನಿರ್ತೀನಿ," ಎಂದರು. ನಾನು ಆಸ್ಪತ್ರೆಯ ಮರದ ಕೆಳಗೆ, ಸೆಖೆಯೋ ಚಳಿಯೋ ತಿಳಿಯದ ಹಾಗೆ ನಿದ್ದೆ ಹೋದೆ. ಎದ್ದು ಬಂದಾಗ ಅಕ್ಕ ಮಗುವಿನ ಅಂಗೈಯಲ್ಲಿ ಒಂದು ಸಣ್ಣ ಉಲ್ಲನ್ ಉಂಡೆ ಇಟ್ಟು, ತಮ್ಮ ಕೈ ಮುಚ್ಚಿ ಕೂತಿದ್ದರು. ಬೆರಳು ಆಗಾಗ ಬಿಗಿ ಹಿಡಿಯುತ್ತಿದೆ ಎಂದರು. ನಾನು ಕೈ ಇಟ್ಟು ನೋಡಿದೆ. ಹಿಡಿಯುತ್ತಿತ್ತು.

ಮಗು ಉಳಿಯಿತು. ಮನೆಗೆ ಬಂದ ಮೇಲೆ ಬೇಸಿಗೆ ಕಳೆದು, ಮುಂಗಾರು ಕಳೆದು, ಮತ್ತೆ ಚಳಿ ಬಂತು. ಅಕ್ಕ ಎಂದಿನಂತೆ ಕೆಂಪು ದಾರ ಹಿಡಿದು ಬಂದರು. ಸುತ್ತಿದರು, ಗಂಟು ಹಾಕಿದರು. ಆದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಇನ್ನೊಂದು ದಾರ ಬಿಚ್ಚಿದರು. ಅದು ಬೇಸಿಗೆಯ ಮೊದಲು ತೆಗೆದ ಅಳತೆ. ಎರಡನ್ನೂ ಒಂದು ತುದಿಯಲ್ಲಿ ಹಲ್ಲಿನಿಂದ ಕಚ್ಚಿ ಹಿಡಿದು, ಕೆಳಕ್ಕೆ ನೇವರಿಸಿ, ನನ್ನ ಕಣ್ಣ ಮುಂದೆ ತಂದರು. ಗಂಟಿನ ಪಕ್ಕದಲ್ಲೇ ಗಂಟು ಇತ್ತು. ಒಂದು ಕೂದಲೆಳೆ ಹೆಚ್ಚಿರಲಿಲ್ಲ. ಬಾಯಲ್ಲಿ ದಾರ ಇದ್ದುದರಿಂದ ಅವರು ಮಾತಾಡುವ ಹಾಗಿರಲಿಲ್ಲ. ಹುಬ್ಬು ಮಾತ್ರ ಎತ್ತಿದರು. ನಾನು ಅಲ್ಲೇ ನೆಲದ ಮೇಲೆ ಕೂತು, ಆಪರೇಷನ್ ದಿನಗಳಲ್ಲೂ ಅಳದಷ್ಟು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಮಗುವನ್ನು ಎತ್ತಿಕೊಂಡು ಬೀದಿಯ ಬಿಸಿಲಿಗೆ ಹೋದರು.

ಆಮೇಲೆ ಮೈ ಬೆಳೆದು ನಿಧಾನವಾಗಿ ತಲೆಯ ಅಳತೆಗೆ ಬರತೊಡಗಿತು. ಬೇರೆ ಮಕ್ಕಳು ಓಡುವ ವಯಸ್ಸಿನಲ್ಲಿ ಅವಳು ಕೂರಲು ಕಲಿತಳು, ಶಾಲೆಗೆ ಹೋಗುವ ವಯಸ್ಸಿನಲ್ಲಿ ಗೋಡೆ ಹಿಡಿದು ನಡೆದಳು. ಕೂದಲು ದಟ್ಟವಾಗಿ ಬಂತು. ಅಷ್ಟರಲ್ಲಿ ಅಕ್ಕನ ಗಂಡ ಹೋದರು. ಒಂದು ಸಂಜೆ, ಗಂಜಿ ಕುಡಿಸುತ್ತಿದ್ದ ಹಾಗೆಯೇ. ಅಕ್ಕ ಲೋಟ ಕೆಳಗಿಟ್ಟು ನನ್ನನ್ನು ಗೋಡೆ ತಟ್ಟಿ ಕರೆದರು. ಕರ್ಮಗಳೆಲ್ಲ ಮುಗಿದ ಮೇಲೆ ರಾಯಕೋಟೆಯಿಂದ ಅವರ ತಮ್ಮ ಬಂದು, ಒಬ್ಬರೇ ಇರುವುದು ಬೇಡವೆಂದು ಕರೆದುಕೊಂಡು ಹೋದರು. ಹೊರಡುವ ದಿನ ಬೀದಿಯವರೆಲ್ಲ ಬಸ್ಸಿನವರೆಗೂ ಹೋದೆವು. ಅವರು ಯಾರ ಕಡೆಯೂ ಹೆಚ್ಚು ನೋಡಲಿಲ್ಲ. ಬಸ್ಸು ಹತ್ತಿ ಕೂತ ತಕ್ಷಣ ಕಣ್ಣು ಮುಚ್ಚಿ ಒರಗಿದರು. ಮಲಗಿದರೋ ಏನೋ. ಅಷ್ಟು ವರ್ಷ ಮಗ್ಗುಲು ಬದಲಿಸಿ ಬದಲಿಸಿ ನಿದ್ದೆಗೆಟ್ಟ ಮೈ ಅದು.

ಎಂಬತ್ತರ ದಶಕದಲ್ಲಿ ಬಿಡುವಾದಾಗ ಮಗಳನ್ನು ಕರೆದುಕೊಂಡು ರಾಯಕೋಟೆಗೆ ಹೋಗಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಅವರ ಕೈ ನಡುಗುತ್ತಿತ್ತು. ಕಡ್ಡಿ ಹಿಡಿಯುವುದು ನಿಂತುಹೋಗಿದೆ ಎಂದರು. ಮಗಳನ್ನು ಹತ್ತಿರ ಕೂರಿಸಿಕೊಂಡು, ಎರಡೂ ಅಂಗೈಯಲ್ಲಿ ಅವಳ ತಲೆ ಹಿಡಿದರು. ಹುಬ್ಬಿನ ಮೇಲೆ, ಕಿವಿಯ ಮೇಲೆ, ಹಿಂದಲೆಯ ಮೇಲೆ. ಬೆರಳು ಗುಬುಟಿನ ಹತ್ತಿರ ಬಂದು ನಿಂತಿತು.

"ಇನ್ ನನ್ ಲೆಕ್ಕ ಬೇಡ ಇದಕ್ಕೆ," ಎಂದರು. "ಅಂಗಡೀಲಿ ಸಿಗೋದೇ ಆಗುತ್ತೆ."

ಅದಾದ ಮೇಲೆ ಮಗಳಿಗೆ ಮತ್ತೊಮ್ಮೆ ಆಸ್ಪತ್ರೆ. ಒಂದು ವರ್ಷ ಎಲ್ಲಿಗೂ ಹೋಗಲಾಗಲಿಲ್ಲ. ಹೋದಾಗ ತಮ್ಮನ ಹೆಂಡತಿ ಬಾಗಿಲಲ್ಲೇ ಹೇಳಿದರು, ಆಷಾಢದಲ್ಲೇ ಹೋಗಿಬಿಟ್ಟರು, ಯಾರಿಗೆ ತಿಳಿಸಬೇಕೆಂದು ಗೊತ್ತಾಗಲಿಲ್ಲ ಎಂದು. ಒಳಗೆ ಕರೆದು ಕಾಫಿ ಕೊಟ್ಟರು. ಕುಡಿದೆ. ಮುಂದಿನ ಬಸ್ಸಿಗೆ ವಾಪಸು ಬಂದೆವು.

ಈಗ ಮಗಳಿಗೆ ನಲವತ್ತು ದಾಟಿದೆ. ಒಂದು ಕಾಲು ಸ್ವಲ್ಪ ಎಳೆಯುತ್ತಾಳೆ, ಒಂದು ಕಣ್ಣು ಮಂದ. ಹೊಸೂರಿನ ಹೂವಿನ ತೋಟವೊಂದರಲ್ಲಿ ಗುಲಾಬಿ ವಿಂಗಡಿಸಿ ಕಟ್ಟುವ ಕೆಲಸಕ್ಕೆ ಹೋಗುತ್ತಾಳೆ. ಯಜಮಾನರು ತೀರಿಕೊಂಡು ಬಹಳ ಕಾಲವಾಯಿತು. ಆ ವರ್ಷಗಳನ್ನು ನನ್ನ ಜೊತೆ ಕಂಡವರು ಯಾರೂ ಉಳಿದಿಲ್ಲ. ಯಾರಿಗೆ ಅದೆಲ್ಲ ಆಯಿತೋ ಅವಳಿಗೆ ಒಂದೂ ನೆನಪಿಲ್ಲ. ಹೀಗಾಗಿ ಎಲ್ಲವನ್ನೂ ನಾನೊಬ್ಬಳೇ ಹೊತ್ತುಕೊಂಡಿದ್ದೇನೆ. ನನಗೂ ವಯಸ್ಸಾಯಿತು, ಒಂದೊಂದಾಗಿ ಜಾರುತ್ತಿದೆ. ಅಕ್ಕನ ಕೈ ಚೆನ್ನಾಗಿ ನೆನಪಿದೆ. ಮುಖ ಮಾತ್ರ ಕಣ್ಣಿಗೆ ಕಟ್ಟುವುದಿಲ್ಲ...

ಮೊನ್ನೆ ಸಂಜೆ ಮಗಳು ಕೆಲಸದಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ಇಷ್ಟನ್ನೂ ಹೇಳಿದೆ. ಅವಳು ಲೋಟ ಹಿಡಿದುಕೊಂಡು ಕೊನೆಯವರೆಗೂ ಕೇಳಿದಳು. ಆಮೇಲೆ ಕೇಳಿದಳು:

"ಅವ್ರು ತಲೆಗೆ ಏನ್ ಹಾಕ್ಕೊಳ್ತಿದ್ರಮ್ಮ, ಚಳೀಲಿ?"

ಯೋಚಿಸಿದೆ. ಬೀದಿಯ ಎಲ್ಲ ಮಕ್ಕಳ ತಲೆಯೂ ಕಣ್ಣ ಮುಂದೆ ಬಂತು. ಅಕ್ಕನ ಗಂಡನಿಗೆ ಕಿವಿ ಮುಚ್ಚುವ ಕಂದು ಟೋಪಿ ಇತ್ತು. ನನ್ನ ಯಜಮಾನರಿಗೂ ಒಂದು ಹೆಣೆದುಕೊಟ್ಟಿದ್ದರು.

"ಸೆರಗು ಹೊದ್ಕೊಳ್ತಿದ್ರು ಕಣೆ. ಅಷ್ಟೇ."

"ಚಳಿ ಆಗ್ತಿರ್ಲಿಲ್ವಾ?"

ಆಗುತ್ತಿತ್ತೇನೋ. ಅವರನ್ನು ಯಾರೂ ಕೇಳಿರಲಿಲ್ಲ.